ಕಾಲೆತ್ತುವವರೆಗೆ

ಫೆಬ್ರವರಿ 24

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಡಿದು ಮನೆಗೆ ಹೊರಟವರ ಹಾಗಿವೆ. ಬಲಗೈ ಮಣಿಕಟ್ಟು ಮುರಿದಿದೆ. ಗೋದಾಮಿನಲ್ಲಿ ಲಾರಿ ನಿಲ್ಲುವ ಮೊದಲೇ ಹಾರಿದೆ, ಅಷ್ಟೆ. ಪ್ಲಾಸ್ಟರ್ ಏಪ್ರಿಲ್ ಮಧ್ಯದವರೆಗೆ. ನಮ್ಮ ಕಾರ್ಯಕ್ರಮ ಏಪ್ರಿಲ್ ಮೊದಲ ವಾರ. ಸಾಕು.

ಫೆಬ್ರವರಿ 26

ಈ ಪುಸ್ತಕ ಅತ್ತಿಗೆ ಕೊಟ್ಟಿದ್ದು. ಎಡಗೈಯಲ್ಲಿ ಚಮಚ ಹಿಡಿದು ಲೋಟ ಬಾರಿಸುತ್ತಿದ್ದೆ. ಚಮಚ ಕಿತ್ತುಕೊಂಡು ಪೆನ್ನು ಕೊಟ್ಟರು. “ಇದ್ರಲ್ಲಿ ಏನು ಬೇಕಾದ್ರೂ ಮಾಡ್ಕೊ, ಸದ್ದು ಬರಲ್ಲ” ಅಂದರು.

ಏನು ಬರೆಯುವುದೋ ಗೊತ್ತಿಲ್ಲ. ಪ್ಲಾಸ್ಟರ್ ಒಳಗೆ ತುರಿಸುತ್ತದೆ.

ಮಾರ್ಚ್ 1

ಇಡೀ ದಿನ ಅಣ್ಣನ ರೂಮಿನಲ್ಲಿ ಕೂತಿದ್ದೆ. ಒಂದು ಗೋಡೆ ಪೂರ್ತಿ ಅವನ ಯಂತ್ರವೇ ಇದೆ. ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಡಬ್ಬಿಗಳು, ಒಂದೊಂದಕ್ಕೂ ಒಂದೊಂದೇ ಕೆಲಸ. ಒಂದು ಸದ್ದು ಹುಟ್ಟಿಸುತ್ತದೆ, ಒಂದು ಅದನ್ನು ಸೋಸುತ್ತದೆ, ಒಂದು ಏರಿಸಿ ಇಳಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ವೈರು ಸಿಕ್ಕಿಸಿದರೆ ಮಾತ್ರ ಅವಕ್ಕೆ ಬಾಯಿ ಬರುತ್ತದೆ. ಮಾಡ್ಯುಲರ್ ಸಿಂಥಸೈಜರ್ ಅಂತ ಹೆಸರು. ಅತ್ತಿಗೆ ಮಾತ್ರ ಸವತಿ ಅನ್ನುತ್ತಾರೆ.

ಅದರ ಪಕ್ಕದಲ್ಲಿ ನನ್ನ ರಬ್ಬರ್ ಪ್ಯಾಡುಗಳು. ನಾನು ಪ್ಯಾಡಿಗೆ ಹೊಡೆದರೆ ಅಲ್ಲಿಂದ ಒಂದು ಸಿಗ್ನಲ್ ಹೋಗಿ ಯಂತ್ರದೊಳಗೆ ಡ್ರಮ್ ಸದ್ದು ಏಳುತ್ತದೆ. ಅಣ್ಣನದು ರಾಗ, ನನ್ನದು ಏಟು, ಹೀಗೆ ಎರಡು ವರ್ಷದಿಂದ ಇಬ್ಬರೂ ಸೇರಿ ನುಡಿಸುತ್ತಿದ್ದೇವೆ. ಹತ್ತನೇ ಕ್ಲಾಸ್ ಆದಮೇಲೆ ನಾನು ಬಿಡದೆ ಮಾಡಿದ ಕೆಲಸ ಇದೊಂದೇ. ಮಿಕ್ಕಿದ್ದೆಲ್ಲ, ಗ್ಯಾರೇಜು, ಪ್ರಿಂಟಿಂಗ್ ಪ್ರೆಸ್ಸು, ಈಗ ಪಾರ್ಸೆಲ್ ಗೋದಾಮು, ಹೋದ ಪುಟ್ಟ ಬಂದ ಪುಟ್ಟ. ಮನೆಯಲ್ಲಿ ನನ್ನ ಹೆಸರು ಟಕಟಕ. ಸ್ಕೂಲಿನಲ್ಲಿ ಡೆಸ್ಕ್ ಬಾರಿಸಿ ಬಾರಿಸಿ ಬಂದ ಹೆಸರು, ಅಲ್ಲಿಂದ ಮನೆಗೂ ಬಂತು.

ಎಡಗೈ ಒಂದರಲ್ಲೇ ಪ್ಯಾಡ್ ಬಾರಿಸಿ ತೋರಿಸಿದೆ. ಅಣ್ಣ ಪೂರ್ತಿ ಕೇಳಿಸಿಕೊಂಡ. ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೆ ಆಗುವುದಿಲ್ಲ ಅಂತ ಅರ್ಥ.

ಮಾರ್ಚ್ 4

ಅಣ್ಣ ಗೆಳೆಯನ ಹತ್ತಿರ ಕೇಳಿ ಒಂದು ಡಬ್ಬಿ ತಂದಿದ್ದಾನೆ. ಮೇಲೆ ಒಂದು ಸಾಲು ಗುಂಡಿ. ಯಾವ ಗುಂಡಿ ಒತ್ತಿಟ್ಟರೆ ಆ ಜಾಗದಲ್ಲಿ ಡ್ರಮ್ಮಿಗೆ ಏಟು ಬೀಳುತ್ತದೆ. ಒಂದು ಕೆಂಪು ದೀಪ ಎಡದಿಂದ ಬಲಕ್ಕೆ ಓಡುತ್ತದೆ, ಮತ್ತೆ ಎಡಕ್ಕೆ ಬಂದು ಓಡುತ್ತದೆ. ನನ್ನ ಪ್ಯಾಡಿನ ವೈರು ತೆಗೆದು ಇದರ ವೈರನ್ನು ಆ ತೂತಿಗೇ ಸಿಕ್ಕಿಸಿದ.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, “ಹೊಸ ಮೈದುನ ಒಳ್ಳೆಯವ್ನು. ಊಟ ಕೇಳಲ್ಲ, ಸ್ನಾನಕ್ಕೆ ಹೋಗು ಅಂತ ಹಿಂದೆ ಬೀಳ್ಬೇಕಾಗಿಲ್ಲ” ಅಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ನಗುವಂಥದ್ದೇನಿತ್ತು ಅನ್ನಿಸಿತು.

ಮಾರ್ಚ್ 5

ಡಬ್ಬಿ ಇವತ್ತು ಒಂದು ಏಟೂ ತಪ್ಪಲಿಲ್ಲ. ಬೆಳಿಗ್ಗೆಯಿಂದ ಕಾದೆ.

ಮಾರ್ಚ್ 8

ನಾವು ನುಡಿಸಬೇಕಾದ ಹಾಲಿನ ಮ್ಯಾನೇಜರ್ ಮನೆಗೆ ಬಂದಿದ್ದರು. ಹಾಲು ಅಂದರೆ ಹಳೇ ಐಸ್ ಫ್ಯಾಕ್ಟರಿ. ಈಗ ಅದನ್ನು ತೊಳೆದು ಬಳಿದು ಕುರ್ಚಿ ಹಾಕಿ ಸಂಗೀತಕ್ಕೆ ಕೊಡುತ್ತಾರೆ. ನಮ್ಮ ಕಾರ್ಯಕ್ರಮ ಚೆನ್ನಾಗಿ ಆದರೆ ತಿಂಗಳಿಗೊಂದು ಸಲ ನಮಗೇ ಕೊಡುವುದಾಗಿ ಹೇಳಿದರು. ಪೋಸ್ಟರಿಗೆ ಫೋಟೋ ಬೇಕಂತೆ. ಒಬ್ಬರದ್ದಾ ಇಬ್ಬರದ್ದಾ ಅಂತ ಕೇಳಿ ನನ್ನ ಪ್ಲಾಸ್ಟರ್ ನೋಡಿದರು, ಆಮೇಲೆ ಡಬ್ಬಿ ನೋಡಿದರು. ಸ್ಟೇಜು ಚಿಕ್ಕದು, ಒಬ್ಬರೇ ಆದರೂ ತಮಗೇನೂ ತೊಂದರೆ ಇಲ್ಲ ಅಂದರು. ಅಣ್ಣ ತಿಂಗಳ ಕೊನೆಗೆ ಕಳಿಸುತ್ತೇನೆ ಅಂದ.

ಅವರು ಮೆಟ್ಟಿಲು ಇಳಿದ ಮೇಲೆ ಕೇಳಿದೆ.

“ನಾನಿರ್ತೀನೋ ಇಲ್ವೋ?”

“ಮೊದ್ಲು ಕೈ ನೋಡ್ಕೊ.”

“ನಾನು ಕೇಳಿದ್ದು ಅದಲ್ಲ.”

ಅಣ್ಣ ಒಂದು ವೈರು ತೆಗೆದು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. “ಉದ್ದ ಸ್ವರ ನೀನು ತಗೋ. ಅದಕ್ಕೆ ಒಂದು ಕೈ ಸಾಕು. ಆಗುತ್ತಾ ನೋಡೋಣ. ಆದ್ರೆ ಇಬ್ರು, ಇಲ್ಲಾಂದ್ರೆ ನಾನೊಬ್ನೇ.”

ಉದ್ದ ಸ್ವರ ಅಂದರೆ ನಮ್ಮ ದೊಡ್ಡ ತುಣುಕಿನ ಕೊನೆಯ ಭಾಗದಲ್ಲಿ ತಳದಿಂದ ನಿಧಾನ ಏಳುವ ಒಂದೇ ಸ್ವರ. ಇಷ್ಟು ದಿನ ಅಣ್ಣನೇ ಒಂದು ಬೆರಳಲ್ಲಿ ಅದರ ಗುಂಡಿ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಮಿಕ್ಕಿದ್ದು ನೋಡುತ್ತಿದ್ದ. ಅಂದರೆ ನನಗೆ ಸಿಕ್ಕಿದ್ದು ಲಿಫ್ಟಿನ ಗುಂಡಿ ಒತ್ತುವ ಕೆಲಸ.

ಮಾರ್ಚ್ 9

ಬೇಡ ಅಂದೆ. ಹತ್ತು ನಿಮಿಷ ಆದಮೇಲೆ ತೋರಿಸು ಅಂದೆ.

ಅಣ್ಣ ತೋರಿಸಿದ. ನನ್ನ ಪ್ಯಾಡಿನಿಂದ ಹೋಗುವ ಸಿಗ್ನಲ್ಲಿಗೆ ಟ್ರಿಗರ್ ಅನ್ನುತ್ತಾರೆ. ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ಶುರು ಮಾಡು ಅಂತ ಹೇಳಿ ಸತ್ತೇಹೋಗುತ್ತದೆ. ನಾನು ಪ್ಯಾಡಿನ ಮೇಲೆ ಕೋಲು ಒತ್ತಿ ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಉದ್ದ ಸ್ವರದ ಗುಂಡಿಯಿಂದ ಹೋಗುವುದು ಗೇಟ್. ಒತ್ತಿದಾಗ ಏಳುತ್ತದೆ, ಒತ್ತಿಕೊಂಡಿರುವಷ್ಟು ಹೊತ್ತು ಎದ್ದೇ ಇರುತ್ತದೆ, ಬಿಟ್ಟಾಗ ಬೀಳುತ್ತದೆ. ಪಕ್ಕದಲ್ಲಿ ಒಂದು ಹಸಿರು ದೀಪ ಇದೆ. ಟ್ರಿಗರ್ ಬಂದರೆ ಅದು ಚುಕ್ ಅಂದು ಹೋಗುತ್ತದೆ. ಗೇಟ್ ಬಂದರೆ ಉರಿಯುತ್ತಲೇ ಇರುತ್ತದೆ.

“ಟ್ರಿಗರ್ ಅಂದ್ರೆ ಬೆಲ್ ಒತ್ತಿ ಓಡೋಗೋನು” ಅಂದ ಅಣ್ಣ. “ಗೇಟ್ ಅಂದ್ರೆ ಎಲ್ರೂ ಒಳಗೆ ಹೋಗೋವರ್ಗೂ ಬಾಗ್ಲು ಹಿಡ್ಕೊಂಡು ನಿಂತಿರೋನು.”

ಬಾಗಿಲು ಹಿಡಿಯುವುದಕ್ಕೆ ಒಂದು ಇಟ್ಟಿಗೆ ಸಾಕಲ್ಲ ಅಂದೆ. ಇಟ್ಟಿಗೆಗೆ ಯಾವಾಗ ಬಿಡಬೇಕು ಅಂತ ಗೊತ್ತಾಗುವುದಿಲ್ಲ ಅಂದ.

ಮಾರ್ಚ್ 12

ಆಗುತ್ತಿಲ್ಲ. ಸ್ವರ ಏಳುವುದೇ ನಿಧಾನ. ಒತ್ತಿದ ತಕ್ಷಣ ಏನೂ ಕೇಳಿಸುವುದಿಲ್ಲ. ಕೆಟ್ಟಿದೆಯೇನೋ ಅಂತ ಬೆರಳು ತೆಗೆಯುತ್ತೇನೆ, ಆಗ ಅದು ಗಂಟಲಲ್ಲೇ ಸತ್ತುಹೋಗುತ್ತದೆ. ಮತ್ತೆ ಒತ್ತಿದರೆ ಮತ್ತೆ ಮೊದಲಿನಿಂದ. ಸ್ವಲ್ಪ ಎದ್ದ ಮೇಲೂ ಅಷ್ಟೇ. ಒಂದೇ ಥರ ಕೇಳುತ್ತಿದ್ದರೆ ಬೆರಳು ತಾನಾಗೇ ಮೇಲೆ ಬರುತ್ತದೆ.

ಅಣ್ಣ ಒಂದೇ ಮಾತು ಹೇಳುತ್ತಿದ್ದ. ಬಿಟ್ಟೆ. ಬಿಟ್ಟೆ. ಮತ್ತೆ ಬಿಟ್ಟೆ. ಕೊನೆಗೆ ನನಗೂ ರೇಗಿತು.

“ಮುಗೀತಲ್ಲ, ಇನ್ನೇನಿದೆ?”

“ಎಲ್ಲಿ ಮುಗೀತು? ಕೇಳು.”

ಕೇಳಿದೆ. ಮುಗಿದಿತ್ತು. ಅಥವಾ ನನಗೆ ಕೇಳಿಸಲಿಲ್ಲ.

ಮಾರ್ಚ್ 15

ಅಣ್ಣ ಕೆಲಸಕ್ಕೆ ಹೋಗಿದ್ದಾಗ ಉದ್ದ ಸ್ವರದ ಗುಂಡಿಯ ಮೇಲೆ ಬೆರಳಲ್ಲಿ ಟಕಟಕ ಬಾರಿಸಿದೆ. ಸ್ವರ ಏಳುವ ಮೊದಲೇ ಬಿದ್ದು, ಬೀಳುವ ಮೊದಲೇ ಎದ್ದು, ಶೀತ ಆದ ಮೇಕೆ ಕೆಮ್ಮಿದ ಹಾಗಾಯಿತು. ಚೆನ್ನಾಗಿತ್ತು. ಕೆಳಗಿನ ಮನೆಯ ಟೈಲರ್ ಆಂಟಿ ಪೊರಕೆ ಹಿಡಿಯಿಂದ ಅವರ ಸೂರಿಗೆ ಗುದ್ದಿದರು. ನಾನು ಕಾಲಲ್ಲಿ ನೆಲಕ್ಕೆ ಗುದ್ದಿ ಉತ್ತರ ಕೊಟ್ಟೆ. ಇದು ನಮ್ಮಿಬ್ಬರ ಹಳೇ ಮಾತುಕತೆ. ಅವರಿಗೆ ನಾನು ಮನೆಯಲ್ಲಿದ್ದೇನೋ ಇಲ್ಲವೋ ತಿಳಿಯಲು ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಮಾರ್ಚ್ 19

ಇವತ್ತು ಸ್ವಲ್ಪ ಜಾಸ್ತಿ ಬರೆಯಬಹುದು. ಎಡಗೈ ಪಳಗುತ್ತಿದೆ.

ಗುಂಡಿ ಒತ್ತಿಕೊಂಡು ಕೂತಿದ್ದೆ. ಸ್ವರ ಪೂರ್ತಿ ಎದ್ದಿತ್ತು. ಮಾಡುವುದಕ್ಕೆ ಏನೂ ಇಲ್ಲದೆ ಬೇರೆ ಸದ್ದು ಕೇಳುತ್ತಿದ್ದೆ. ಮೇಲಿನ ಮನೆಯ ನಲ್ಲಿ. ಅತ್ತಿಗೆ ಬಟ್ಟೆ ಕೊಡವುವುದು. ಕೆಳಗೆ ಆಂಟಿಯ ಹೊಲಿಗೆ ಮಿಷನ್. ಅದು ಕರೆಂಟಿನ ಮಿಷನ್, ಕೆಳಗೆ ಪೆಡಲ್ ಇದೆ. ಕಾಲು ಒತ್ತಿದರೆ ಗುರ್ ಅಂತ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎರಡು ವರ್ಷದಿಂದ ಕೇಳುತ್ತಿದ್ದೇನೆ, ಅದೂ ಗೇಟೇ ಅಂತ ಇವತ್ತು ಹೊಳೆಯಿತು. ಚಿಕ್ಕ ಗುರ್ ಅಂದರೆ ಕಾಲರ್ರು, ಉದ್ದ ಗುರ್ ಅಂದರೆ ಪರದೆ ಇರಬೇಕು. ಎಲ್ಲಿ ನಿಲ್ಲುತ್ತದೆ ಅಂತ ಊಹೆ ಮಾಡುತ್ತಾ ಕೂತೆ. ಒಂದೂ ಸರಿಯಾಗಲಿಲ್ಲ.

ಕೆಳಗೆ ಹೋದೆ. ಪೊರಕೆ ವಿಷಯಕ್ಕೆ ಜಗಳ ಆಡಲು ಬಂದೆ ಅಂದುಕೊಂಡರು. ಬಾಗಿಲಿಗೆ ಅಡ್ಡ ನಿಂತು, ಕೈ ಮುರ್ಕೊಂಡ್ರೂ ಬುದ್ಧಿ ಬಂದಿಲ್ವಾ ನಿಂಗೆ ಅಂದರು. ಯಾವಾಗ ಕಾಲು ಎತ್ತಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ನನ್ನ ಮುಖ ನೋಡಿದರು. ಒಳಗೆ ಬಾ ಅಂದರು.

“ಬಟ್ಟೆ ಮುಗಿದ್ಮೇಲೆ ಎತ್ತಿದ್ರೆ ಕೆಟ್ಟೆ. ಸೂಜಿ ಆಚೆ ಹೋಗಿರುತ್ತೆ. ಮುಗಿಯೋಕ್ಕೆ ಮುಂಚೆ ಎತ್ಬೇಕು, ಮಿಷನ್ನು ಇನ್ನೊಂದೆರಡು ಹೊಲಿಗೆ ತಾನಾಗೇ ಓಡುತ್ತೆ. ಅದನ್ನ ಅದರ ಪಾಡಿಗೆ ಬಿಡ್ಬೇಕು.”

ಹೊಲಿದು ತೋರಿಸಿದರು. ನಾನೂ ಕಾಲು ಇಟ್ಟು ನೋಡಿದೆ. ಯಾರದೋ ಪ್ಯಾಂಟಿನ ತುದಿ ಸೊಟ್ಟಗಾಯಿತು. ಬಿಚ್ಚಿ ಹೊಲಿಯುತ್ತೇನೆ, ನೀನು ಹೋಗು ಅಂದರು.

ಮಾರ್ಚ್ 23

ಆಂಟಿಯ ಪೆಡಲ್ ನೋಡಿದ ಮೇಲೆ ಅಣ್ಣನಿಗೆ ಹೇಳಿದೆ, ಗುಂಡಿ ಬೇಡ, ಕಾಲಿಗೆ ಕೊಡು. ಬೆರಳು ಬೇಗ ಸೋಲುತ್ತದೆ, ಕಾಲಿಗೆ ಮೈಭಾರ ಇದೆ. ಅಣ್ಣನ ಹತ್ತಿರ ಕೀಬೋರ್ಡಿನವರು ಬಳಸುವ ಒಂದು ಪೆಡಲ್ ಇತ್ತು. ಒತ್ತಿದರೆ ಗೇಟ್ ಏಳುವ ಹಾಗೆ ಯಂತ್ರಕ್ಕೆ ಜೋಡಿಸಿದ.

ಗುಂಡಿಗಿಂತ ಪರವಾಗಿಲ್ಲ. ಇವತ್ತು ಅವನು ಬಿಟ್ಟೆ ಅಂದಿದ್ದು ಎರಡೇ ಸಲ. ಡಬ್ಬಿಯನ್ನು ಹಾಕಿಕೊಂಡೇ ಅಭ್ಯಾಸ ಮಾಡಿದೆವು. ಹೊಸ ಮೈದುನ ಏಟು ಹಾಕುತ್ತಾನೆ, ನಾನು ಹಿಡಿದುಕೊಂಡಿರುತ್ತೇನೆ. ಆಂಟಿ ಹೇಳಿದ ಹಾಗೆ ಸ್ವರ ಮುಗಿಯಬೇಕಾದ ಜಾಗಕ್ಕಿಂತ ಸ್ವಲ್ಪ ಮುಂಚೆ ಕಾಲೆತ್ತಿದೆ. ಬಾಲ ತಾನಾಗೇ ಓಡಿ ಸರಿಯಾದ ಜಾಗದಲ್ಲಿ ನಿಂತಿತು. ಅಣ್ಣ ಇದನ್ನು ಯಾರು ಹೇಳಿಕೊಟ್ಟರು ಅಂದ. ಟೈಲರ್ ಅಂದೆ. ತಮಾಷೆ ಅಂದುಕೊಂಡ.

ಮಾರ್ಚ್ 27

ಅಣ್ಣ ವರಾಂಡದಲ್ಲಿ ಫೋನಿನಲ್ಲಿ ಮ್ಯಾನೇಜರಿಗೆ ಹೇಳುತ್ತಿದ್ದ. “ಇಲ್ಲ, ಇನ್ನೂ ನೋಡ್ಬೇಕು. ಒಬ್ನೇ ಆದ್ರೂ ನಡೆಯುತ್ತೆ.”

ಇಷ್ಟೇ.

ಮಾರ್ಚ್ 28

ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಹೊರಟೆ. ಮೊದಲು ಗೋದಾಮಿಗೆ. ಅಲ್ಲಿ ನನ್ನ ಜಾಗಕ್ಕೆ ಬೇರೆಯವನು ಬಂದಿದ್ದಾನೆ, ಲಾರಿ ನಿಂತ ಮೇಲೆ ಇಳಿಯುತ್ತಾನಂತೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ. ಊರಿಗೆ ಅಮ್ಮನ ಹತ್ತಿರ ಹೋಗಿ ಅಲ್ಲೇ ಇದ್ದುಬಿಡೋಣ ಅಂದುಕೊಂಡೆ. ಕಳೆದ ಸಲ ಪ್ರೆಸ್ಸು ಬಿಟ್ಟಾಗಲೂ ಹೀಗೇ ಹೋಗಿದ್ದೆ.

ಬಸ್ಸು ಬಂತು. ಡ್ರೈವರ್ ಇಂಜಿನ್ ಆರಿಸದೆ ಇಳಿದು ಹೋದ. ಇಂಜಿನ್ನಿನದು ಒಂದೇ ಸ್ವರ, ನಮ್ಮದಕ್ಕಿಂತ ಸ್ವಲ್ಪ ಕೆಳಗೆ. ಅದನ್ನು ಕೇಳುತ್ತಾ ನಿಂತೆ. ಮೊದಲು ಒಂದೇ ಥರ ಅನ್ನಿಸಿತು, ಆಮೇಲೆ ಒಳಗೆ ಏನೇನೋ ಅಲುಗುತ್ತಿರುವುದು ಗೊತ್ತಾಯಿತು. ಡ್ರೈವರ್ ವಾಪಸ್ ಬಂದ. ಬಸ್ಸು ಹೋಯಿತು. ಹತ್ತಲಿಲ್ಲ. ಕಾಲು ನೋಯುತ್ತಿತ್ತು ಅಂತ ಕಾಣುತ್ತದೆ.

ಮಧ್ಯಾಹ್ನ ಮನೆಗೆ ಬಂದೆ. ಅತ್ತಿಗೆ ತಟ್ಟೆ ಇಟ್ಟರು. ಊಟ ಮಾಡಿ ಪೆಡಲ್ ಮುಂದೆ ಕೂತೆ.

ಮಾರ್ಚ್ 31

ಪೋಸ್ಟರ್ ಬಂತು. ಇಬ್ಬರೂ ಇದ್ದೇವೆ. ಅಣ್ಣ ಯಂತ್ರದ ಮುಂದೆ, ನಾನು ಪಕ್ಕದಲ್ಲಿ ಪ್ಲಾಸ್ಟರ್ ಹಾಕಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದೇನೆ. ಬಾಳೆಹಣ್ಣನ್ನು ಅವರು ಅಳಿಸಿದ್ದಾರೆ, ಆದರೆ ಬಾಯಿ ಹಾಗೇ ಇದೆ.

ಫೋಟೋ ಕಳಿಸಿದ್ದು ಅತ್ತಿಗೆ. ಅಣ್ಣ ಯಾರನ್ನು ಕೇಳಿ ಕಳಿಸಿದೆ ಅಂತ ಅಡುಗೆಮನೆಗೆ ಹೋದ. ನಾನು ಕೇಳಿಸಿಕೊಂಡೆ.

“ನಿಮ್ಮನ್ನ ಕೇಳ್ಕೊಂಡು ಕೂತಿದ್ರೆ ನನ್ನ ಮದ್ವೇನೂ ಆಗ್ತಿರ್ಲಿಲ್ಲ.”

ಅಣ್ಣ ಹೊರಗೆ ಬಂದು ನನ್ನ ಹತ್ತಿರ ಹೇಳಿದ್ದು ಬೇರೆ. ಪೋಸ್ಟರ್ ಆಯಿತು ಅಂದಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡ, ಅಲ್ಲಿ ನೀನು ನಡುವೆ ಬಿಟ್ಟುಬಿಟ್ಟರೆ ಮುಂದಿನ ತಿಂಗಳಿಂದ ನಾನೊಬ್ಬನೇ ಹೋಗುತ್ತೇನೆ ಅಂದ. ಸರಿ ಅಂದೆ. ನ್ಯಾಯವಾಗೇ ಇತ್ತು.

ಏಪ್ರಿಲ್ 3

ಪೆಡಲನ್ನು ಊಟದ ಮೇಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಯಾವುದಕ್ಕೂ ಜೋಡಿಸಿಲ್ಲ, ಸುಮ್ಮನೆ. ತಿಂಡಿ ಶುರುವಾದಾಗ ಒತ್ತುತ್ತೇನೆ, ಅತ್ತಿಗೆ ತಟ್ಟೆ ಎತ್ತುವವರೆಗೆ ಬಿಡುವುದಿಲ್ಲ. ಮೊದಲ ದಿನ ಚಟ್ನಿ ಹಾಕಿಸಿಕೊಳ್ಳುವಾಗಲೇ ಬಿಟ್ಟಿದ್ದೆ. ಇವತ್ತು ಅತ್ತಿಗೆ ಅವರ ಆಫೀಸಿನ ಕಥೆ ಪೂರ್ತಿ ಹೇಳಿ ಮುಗಿಸಿದರು. ಅವರ ಆಫೀಸಿನಲ್ಲಿ ಇಷ್ಟೊಂದು ಜಗಳ ಇದೆ ಅಂತ ಗೊತ್ತಿರಲಿಲ್ಲ.

ಏಪ್ರಿಲ್ 6

ನಿನ್ನೆ ಸಂಜೆ ಕಾರ್ಯಕ್ರಮ ಆಯಿತು. ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ಹಾಲಿನಲ್ಲಿ ಯಂತ್ರ ಇಳಿಸಿ, ವೈರೆಲ್ಲ ಸಿಕ್ಕಿಸಿ, ಪೆಡಲ್ ಕೊಡು ಅಂದ ಅಣ್ಣ. ಆಗ ನೆನಪಾಯಿತು. ಪೆಡಲ್ ಊಟದ ಮೇಜಿನ ಕೆಳಗಿದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೂ ಒತ್ತಿಕೊಂಡು ಕೂತಿದ್ದೆ. ಜನ ಆಗಲೇ ಒಳಗೆ ಬರುತ್ತಿದ್ದರು. ಮನೆಗೆ ಹೋಗಿ ಬರುವಷ್ಟು ಹೊತ್ತು ಇರಲಿಲ್ಲ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮ್ಯಾನೇಜರ್ ಹೋಗಿ ಹಾಲಿನ ಕೀಬೋರ್ಡಿನ ಪೆಡಲ್ ತಂದುಕೊಟ್ಟರು. ಅದನ್ನು ಸಿಕ್ಕಿಸಿದ ತಕ್ಷಣ ಉದ್ದ ಸ್ವರ ತಾನಾಗೇ ಏಳಲು ಶುರುವಾಯಿತು. ನನ್ನ ಕಾಲು ನೆಲದ ಮೇಲಿತ್ತು. ಪೆಡಲ್ ಒತ್ತಿದೆ, ಸ್ವರ ಇಳಿಯಿತು. ಬಿಟ್ಟೆ, ಎದ್ದಿತು.

ಕೆಲವು ಪೆಡಲ್ ಉಲ್ಟಾ ಇರುತ್ತವಂತೆ. ಒತ್ತದಿದ್ದಾಗ ಕರೆಂಟ್ ಹರಿಯುತ್ತದೆ, ಒತ್ತಿದಾಗ ನಿಲ್ಲುತ್ತದೆ. ಇದನ್ನು ಸರಿಮಾಡುವ ಡಬ್ಬಿ ಅಣ್ಣನ ಹತ್ತಿರ ಇದೆ, ಅದೂ ಮನೆಯಲ್ಲಿ. ಉದ್ದ ಸ್ವರದ ಹಳೇ ಗುಂಡಿಯನ್ನು ಪೆಡಲ್ ಬಂದ ಮೇಲೆ ಪೆಟ್ಟಿಗೆಯಿಂದಲೇ ತೆಗೆದಿದ್ದೆವು. ಸ್ವರದ ಸದ್ದು ಕಡಿಮೆ ಇಟ್ಟುಕೊಳ್ಳೋಣ ಅಂದರೆ ಪೆಡಲಿನ ಸಿಗ್ನಲ್ ಮೂರು ಕಡೆ ಹಂಚಿಹೋಗಿತ್ತು, ಒಂದನ್ನು ಇಳಿಸಿದರೆ ಇನ್ನೆರಡು ಕೂಗುತ್ತವೆ. ಪೆಡಲಿನ ವೈರು ಸಿಕ್ಕಿಸುವುದು ಯಂತ್ರದ ಬೆನ್ನಿಗೆ, ನುಡಿಸುತ್ತಾ ನಡುವೆ ಕಿತ್ತು ಹಾಕಲು ಕೈ ಎಟಕುವುದಿಲ್ಲ.

“ಬಿಡು” ಅಂದ ಅಣ್ಣ. “ಉದ್ದ ಸ್ವರ ಇಲ್ದೆ ನುಡಿಸ್ತೀನಿ. ನೀನು ಕೆಳಗೆ ಕೂತ್ಕೊ.”

“ಒತ್ಕೊಂಡೇ ಇರ್ತೀನಿ.”

“ಶುರುವಿಂದಾನಾ? ಉದ್ದ ಸ್ವರ ಬರೋದು ಕೊನೇಲಿ ಕಣೋ.”

“ಕೊನೇವರ್ಗೂ ಒತ್ಕೊಂಡಿರ್ತೀನಿ. ಅದು ಬರ್ಬೇಕಾದಾಗ ಬಿಡ್ತೀನಿ.”

ಅಣ್ಣ ನನ್ನ ಕಾಲು ನೋಡಿದ. ಆಮೇಲೆ ಜನರ ಕಡೆ ನೋಡಿದ. ದೀಪ ಆರಿಸಿದರು.

ಬಲಗಾಲು ಪೆಡಲ್ ಮೇಲೆ. ಮುಂದೆ ಸಾಲು ಕುರ್ಚಿ. ಹೊಸ ಮೈದುನ ಏಟು ಶುರುಮಾಡಿದ, ಅಣ್ಣ ವೈರು ತೆಗೆದು ಹಾಕಿ ಮಾಡುತ್ತಿದ್ದ, ನಾನು ಕೂತಿದ್ದೆ. ನೋಡುವವರಿಗೆ ಕೈ ಮುರಿದುಕೊಂಡವನೊಬ್ಬ ಸುಮ್ಮನೆ ಕೂತಿದ್ದಾನೆ ಅಷ್ಟೆ. ಮುಂದಿನ ಸಾಲಿನ ಒಬ್ಬ ಹೆಂಗಸು ಪಾಪ ಅನ್ನುವ ಹಾಗೆ ನೋಡಿದರು. ನನ್ನ ಕಾಲಿನ ಕೆಳಗಿದ್ದ ಸ್ವರ ಅವರಿಗೆ ಗೊತ್ತಿಲ್ಲ. ಹಸಿರು ದೀಪ ಆರಿತ್ತು. ಅದು ಆರಿರುವುದೇ ನನ್ನ ಕೆಲಸ.

ಮೊದಲು ಮೀನಖಂಡ ಹಿಡಿಯಿತು. ಆಮೇಲೆ ಪ್ಲಾಸ್ಟರ್ ಒಳಗೆ ತುರಿಕೆ. ಹಿಂದೆಲ್ಲ ತುರಿಕೆ ಬಂದರೆ ಕಾಲು ಕುಣಿಸುತ್ತಿದ್ದೆ. ಈಗ ಕುಣಿಸಲು ಇದ್ದಿದ್ದು ಎಡಗಾಲು, ಅದು ಅಲುಗಿದರೆ ಬಲಗಾಲೂ ಅಲುಗುತ್ತದೆ. ಹಾಗಾಗಿ ತುರಿಕೆಯನ್ನು ಅದರ ಪಾಡಿಗೆ ಬಿಟ್ಟೆ. ಹೆಬ್ಬೆರಳು ಜುಮ್ಮೆಂದು ಆಮೇಲೆ ಇಲ್ಲವೇ ಇಲ್ಲ ಅನ್ನಿಸಿತು. ಕಾಲು ಪೆಡಲ್ ಮೇಲಿದೆಯೋ ಇಲ್ಲವೋ ನೋಡಿಕೊಳ್ಳಬೇಕಾಯಿತು.

ಒಂದು ವಿಷಯ. ಇಷ್ಟು ಸಲ ಅಭ್ಯಾಸ ಮಾಡಿದರೂ ಅಣ್ಣ ನುಡಿಸುವುದನ್ನು ಮೊದಲಿನಿಂದ ಕೊನೆಯವರೆಗೆ ನಾನು ಕೇಳಿದ್ದು ನಿನ್ನೆಯೇ. ನಾನು ಬಾರಿಸುವಾಗ ನನ್ನ ಏಟೇ ನನಗೆ ಕೇಳುತ್ತಿತ್ತು. ಅವನು ನಡುವೆ ಒಂದು ಕಡೆ ತಡಕಾಡುತ್ತಾನೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಅವನಿಗೂ ಗೊತ್ತಿರುವುದಿಲ್ಲ. ಅದು ಚೆನ್ನಾಗಿದೆ.

ಕೊನೆಯ ಭಾಗ ಬಂತು. ಅಣ್ಣ ಡ್ರಮ್ ಡಬ್ಬಿ ನಿಲ್ಲಿಸಿದ, ಒಂದೊಂದೇ ಸದ್ದು ತೆಳು ಮಾಡಿದ, ನನ್ನ ಕಡೆ ತಿರುಗಿ ಗಲ್ಲ ಎತ್ತಿದ. ಅದೇ ಸನ್ನೆ. ನಾನು ಕಾಲು ಎತ್ತಲಿಲ್ಲ.

ಬೇಕೆಂದು ಮಾಡಿದ್ದಲ್ಲ. ಹಿಂದಿನ ಸದ್ದಿನ ಬಾಲ ಇನ್ನೂ ಇತ್ತು. ಗೋಡೆಯ ಹತ್ತಿರ ಎಲ್ಲೋ ಸುತ್ತುತ್ತಿತ್ತು. ಅದು ಮುಗಿದಿರಲಿಲ್ಲ. ಅಣ್ಣ ಮತ್ತೆ ಗಲ್ಲ ಎತ್ತಿದ. ಅವನ ಮುಖದಲ್ಲಿ ಇವನ ಕಾಲು ಸತ್ತುಹೋಯಿತು ಅನ್ನುವ ಹಾಗಿತ್ತು. ಬಾಲ ಇನ್ನೂ ತೆಳುವಾಯಿತು. ಯಾರೋ ಕೆಮ್ಮಲು ಹೋಗಿ ತಡೆದುಕೊಂಡರು. ಬಾಲ ಹೋಯಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನೂ ಸ್ವಲ್ಪ ಹೊತ್ತು ಹಿಡಿದೆ. ಆಮೇಲೆ ಕಾಲು ಎತ್ತಿದೆ.

ಹಸಿರು ದೀಪ ಹತ್ತಿತು. ಸ್ವರ ಎದ್ದಿತು. ಐಸ್ ಫ್ಯಾಕ್ಟರಿಯ ಗೋಡೆ ದಪ್ಪ ಇರಬೇಕು, ನಮ್ಮ ರೂಮಿನಲ್ಲಿ ಬಂದಂತೆ ಬರಲಿಲ್ಲ, ನೆಲದಿಂದ ಬಂತು. ಅಣ್ಣನ ಎರಡು ಕೈಯೂ ಖಾಲಿ ಇದ್ದವು. ಅವನು ಅದರ ಮೇಲೆ ಏನೋ ಹೊಸದು ನುಡಿಸಿದ, ಅಭ್ಯಾಸದಲ್ಲಿ ಇಲ್ಲದ್ದು.

ಮುಗಿಸುವಾಗ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಪೆಡಲ್ ಒತ್ತಿದೆ. ಬಾಲ ತಾನಾಗೇ ಓಡಿ ನಿಂತಿತು. ಹೊಲಿಗೆ ಸರಿ ಬಂತು.

ಚಪ್ಪಾಳೆ. ಅಣ್ಣ ಮುಂದೆ ಹೋಗಿ ಬಗ್ಗಿದ. ನನ್ನನ್ನೂ ಕರೆದ. ನಾನು ತಲೆ ಆಡಿಸಿದೆ. ಮತ್ತೆ ಕರೆದ. ಮ್ಯಾನೇಜರ್ ಪಕ್ಕದಿಂದ ಏಳಿ ಏಳಿ ಅಂತ ಕೈಸನ್ನೆ ಮಾಡಿದರು. ಜನ ಎದ್ದು ನಿಂತರು. ನಾನು ಏಳುವ ಹಾಗಿರಲಿಲ್ಲ. ಕಾಲು ತೆಗೆದರೆ ಸ್ವರ ಮತ್ತೆ ಏಳುತ್ತದೆ. ಸ್ಪೀಕರ್ ನಿಲ್ಲಿಸದೆ ಯಂತ್ರ ಆರಿಸಿದರೆ ದಢಾರ್ ಅನ್ನುತ್ತದೆ, ಸ್ಪೀಕರಿನವನು ಹಿಂದಿನ ಮೂಲೆಯಲ್ಲಿ ನಿಂತು ತಾನೂ ಚಪ್ಪಾಳೆ ಹೊಡೆಯುತ್ತಿದ್ದ. ಮುಂದಿನ ಸಾಲಿನ ಆ ಹೆಂಗಸು ನನಗೆ ಕಾಲೂ ಸರಿ ಇಲ್ಲ ಅಂದುಕೊಂಡಿರಬೇಕು, ಕಣ್ಣು ಒರೆಸಿಕೊಂಡರು.

ಅಣ್ಣ ನನ್ನ ಪೆಡಲ್ ನೋಡಿದ. ಆಗ ಅವನಿಗೆ ಗೊತ್ತಾಯಿತು. ವಾಪಸ್ ಬಂದ, ಶೂ ತೆಗೆದು, ನನ್ನ ಕಾಲಿನ ಪಕ್ಕದಲ್ಲಿ ತನ್ನ ಕಾಲು ಇಟ್ಟು ಒತ್ತಿದ.

“ನಾನು ಹಿಡ್ಕೊಂಡಿದೀನಿ. ನೀನು ಏಳು.”

ಎದ್ದೆ. ಕಾಲಿಗೆ ಜೀವ ಇರಲಿಲ್ಲ, ಅವನ ಭುಜ ಹಿಡಿದುಕೊಂಡೆ. ಬಗ್ಗಿದೆ. ಅಷ್ಟು ಹೊತ್ತೂ ಅವನು ಕಾಲು ತೆಗೆಯಲಿಲ್ಲ.

ಏಪ್ರಿಲ್ 8

ಮ್ಯಾನೇಜರ್ ಫೋನ್ ಮಾಡಿದ್ದರು. ತಿಂಗಳಿಗೊಂದು ಕಾರ್ಯಕ್ರಮ ನಮ್ಮದೇ. ಅಣ್ಣ, “ಹ್ಞೂ, ಇಬ್ರು” ಅಂದ. ಆಮೇಲೆ ಪೆಡಲ್ ಇನ್ನೊಂದು ತರುತ್ತೇನೆ, ಒಂದು ಊಟಕ್ಕೆ ಇರಲಿ ಅಂದ.

ಏಪ್ರಿಲ್ 15

ಪ್ಲಾಸ್ಟರ್ ತೆಗೆದರು. ಕೈ ಬೇರೆ ಯಾರದ್ದೋ ಥರ ಇದೆ, ಬೆಳ್ಳಗೆ, ಸಣ್ಣಗೆ. ಇದನ್ನು ಆ ಕೈಯಲ್ಲೇ ಬರೆಯಲು ಹೋದೆ, ಆಗಲಿಲ್ಲ. ಎಡಗೈಯೇ ಚೆನ್ನಾಗಿ ಬರುತ್ತಿದೆ.

ವಾಪಸ್ ಬರುವಾಗ ಮೆಟ್ಟಿಲಲ್ಲಿ ಟೈಲರ್ ಆಂಟಿ ಸಿಕ್ಕಿದರು. ಊರಿಗೆ ಹೋಗಿದ್ದೆಯಾ, ಎಷ್ಟೋ ದಿನದಿಂದ ಮೇಲೆ ನಿನ್ನ ಟಕಟಕ ಸದ್ದೇ ಇಲ್ಲ ಅಂದರು. ಇಲ್ಲ, ಇಲ್ಲೇ ಇದ್ದೆ ಅಂದೆ. ನಂಬಲಿಲ್ಲ. ಪೊರಕೆ ಈಗ ಗುಡಿಸುವುದಕ್ಕೆ ಮಾತ್ರ ಆಗಿದೆಯಂತೆ.

ಸಂಜೆ ಪ್ಯಾಡುಗಳ ಧೂಳು ಒರೆಸಿದೆ. ಇನ್ನು ಸ್ವಲ್ಪ ದಿನ ಹೊಡೆಯಬೇಡ ಅಂದಿದ್ದಾರೆ. ಪರವಾಗಿಲ್ಲ, ಅಲ್ಲಿಯವರೆಗೆ ಹೊಸ ಮೈದುನ ಹೊಡೆಯಲಿ.

ಆಮೇಲೆ ಊಟದ ಮೇಜಿನ ಹತ್ತಿರ ಕೂತಿದ್ದೆ. ಮುಂದೆ ಲೋಟ ಇತ್ತು, ಚಮಚ ಇತ್ತು. ಅತ್ತಿಗೆ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿದರು, ಇನ್ನೊಮ್ಮೆ ನೋಡಿದರು. ಕೊನೆಗೆ ಕೈ ಒರೆಸಿಕೊಂಡು ಬಂದು ನನ್ನ ಹಣೆ ಮುಟ್ಟಿ, “ಜ್ವರ ಏನಾದ್ರೂ ಬಂದಿದ್ಯೇನೋ?” ಅಂದರು.

ಇಲ್ಲ ಅಂದೆ. ಯಾಕೆ ಕೇಳಿದರೋ ಗೊತ್ತಾಗಲಿಲ್ಲ.